ಬೆಳಕು ಬರಲಿ, ಬಿಸಿಲು ಬೇಡ

ಕಡೂರು ತಾಲ್ಲೂಕಿನ ಚೌಳಹಿರಿಯೂರಿನಿಂದ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಾಳೆ. ನೋಟ್‌ಪುಸ್ತಕದ ಹಾಳೆಯ ಎರಡೂ ಮಗ್ಗುಲು ತುಂಬಿದ ಪತ್ರ. ಕೊನೆಯಲ್ಲಿ ಸ್ಕೇಲು ಹಿಡಿದು ಬರೆದ ಮನೆಯ ನಕ್ಷೆಯೂ ಇದೆ. ಪತ್ರದ ಸಾರಾಂಶ ಹೀಗಿದೆ:

“ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ, ದಿಣ್ಣೆಯ ಇಳಿಜಾರಿನಲ್ಲಿದೆ. ಬಾಗಿಲು ಪೂರ್ವಕ್ಕೆ. ಹಿತ್ತಲು ಪಶ್ಚಿಮಕ್ಕೆ ಇಳಿಯುತ್ತದೆ. ಮನೆಯೊಳಗೆ ಕತ್ತಲು. ಹಗಲು ಹನ್ನೆರಡು ಗಂಟೆಗೂ ದೀಪ ಹಾಕಿಕೊಂಡೇ ಓದಬೇಕು. ಕರೆಂಟ್ ಹೋದರೆ ಪುಸ್ತಕ ಎತ್ತಿಕೊಂಡು ಜಗಲಿಗೆ ಬರಬೇಕು. ಹಿಂದಿನ ಗೋಡೆಯನ್ನು ಒಡೆದು, ಹಿತ್ತಲಿಗೆ ಮಣ್ಣು ತುಂಬಿಸಿ, ಮೂರು ಮಗ್ಗುಲಿಗೂ ಮೇಲಕ್ಕೂ ಗಾಜು ಹಾಕಿ ಬಿಸಿಲುಕೋಣೆ ಕಟ್ಟೋಣ ಎನ್ನುತ್ತಾನೆ ಬೆಂಗಳೂರಿನಲ್ಲಿರುವ ಅಣ್ಣ. ನಾನು ಓದಿಕೊಳ್ಳಬಹುದಂತೆ, ಅಜ್ಜಿ ಅಲ್ಲೇ ಕೂತು ಬಿಸಿಲು ಕಾಯಿಸಿಕೊಂಡರೆ ವಿಟಮಿನ್ ಡಿ ಸಿಗುತ್ತದಂತೆ. ಹಿಂದಿನ ಗೋಡೆ ಮುಟ್ಟಬೇಡಿ ಎನ್ನುತ್ತಾರೆ ಅಜ್ಜ. ಅಪ್ಪ ಏನೂ ಹೇಳುವುದಿಲ್ಲ. ಆದರೆ ಮುಂದಿನ ವರ್ಷ ನನ್ನ ಕಾಲೇಜಿಗೆ, ಹಾಸ್ಟೆಲ್ಲಿಗೆ ಎಂದು ತೆಗೆದಿಟ್ಟ ದುಡ್ಡೂ ಇದೇ ಎಂಬುದು ನನಗೆ ಗೊತ್ತು. ಯಾರ ಮಾತು ಸರಿ?”

ಮನೆಯೊಳಗಿನ ತಕರಾರಿಗೆ ಹೊರಗಿನವರು ತೀರ್ಪು ಹೇಳಬಾರದು. ಆದರೆ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಲೆಕ್ಕಕ್ಕೆ ಸಿಗುವಂಥದು. ಪಿಯುಸಿ ಓದುವವಳಿಗೆ ಅಪರಿಚಿತವಲ್ಲದ ತ್ರಿಕೋನಮಿತಿ, ಭೌತಶಾಸ್ತ್ರ ಇಷ್ಟೇ ಸಾಕು. ಹೀಗೆ ಹಳೆಯ ಮನೆಗೆ ಹೊಸ ಕೋಣೆ ಸೇರಿಸಲು ಹೊರಟವರು ಇನ್ನೂ ಅನೇಕರಿರಬಹುದು. ಆದ್ದರಿಂದ ಎಲ್ಲರೂ ಸೇರಿಯೇ ಲೆಕ್ಕ ಹಾಕೋಣ.

ಚಳಿಯ ನಾಡಿನ ಕೋಣೆ

ಬಿಸಿಲುಕೋಣೆ ಎಂಬುದು ಚಳಿ ದೇಶಗಳ ಸೃಷ್ಟಿ. ಲಂಡನ್ ನಗರ ಇರುವುದು ಭೂಮಧ್ಯರೇಖೆಯಿಂದ ಸುಮಾರು 51.5 ಡಿಗ್ರಿ ಉತ್ತರಕ್ಕೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ ಮೇಲೇರುವುದು ಬರಿಯ 15 ಡಿಗ್ರಿ. ಕಡೂರಿನ ಕಡೆ ಅದೇ ದಿನ ಬೆಳಗ್ಗೆ ಎಂಟು ಗಂಟೆಗೇ ಸೂರ್ಯ ಅಷ್ಟು ಎತ್ತರದಲ್ಲಿರುತ್ತಾನೆ! ಅಂಥ ಎಳೆಬಿಸಿಲನ್ನು ಹಿಡಿದಿಡಲು ಅಲ್ಲಿಯವರು ಗಾಜಿನ ಕೋಣೆ ಕಟ್ಟಿಕೊಂಡರು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಒಳಗಿನ ನೆಲ, ಮೇಜು, ಗೋಡೆ ಕಾಯುತ್ತವೆ. ಅವುಗಳಿಂದ ಹೊರಡುವ ಉದ್ದ ಅಲೆಯ ಶಾಖವನ್ನು ಗಾಜು ಹಾಗೆಯೇ ಹೊರಗೆ ಬಿಡುವುದಿಲ್ಲ. ಕಾದ ಗಾಳಿಗೂ ಹೊರಗೆ ಹೋಗಲು ದಾರಿಯಿಲ್ಲ. ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1851ರಲ್ಲಿ ಲಂಡನ್ನಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ ಮತ್ತು ಗಾಜಿನಿಂದ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ ಮೇಲೆ ಗಾಜಿನ ಕಟ್ಟಡಗಳ ಖಯಾಲಿ ಜಗತ್ತಿಗೆಲ್ಲ ಹರಡಿತು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ 1889ರಲ್ಲಿ ಗಾಜಿನ ಮನೆಗೆ ಅಸ್ತಿಭಾರ ಬಿತ್ತು. ಮುಂದಿನ ಸಲ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಹೂವಿನ ಜೊತೆಗೆ ಕಟ್ಟಡವನ್ನೂ ನೋಡಿ. ಮೇಲೆ ಗಾಜಿದ್ದರೂ ಮಗ್ಗುಲುಗಳು ಬಹುಮಟ್ಟಿಗೆ ತೆರೆದಿವೆ, ಗಾಳಿ ಆಡುತ್ತದೆ. ನಮ್ಮ ಹವೆಗೆ ಅದೇ ಸರಿ. ಅಣ್ಣ ಬಯಸಿರುವ ಮೂರು ಮಗ್ಗುಲೂ ಮುಚ್ಚಿದ ಕೋಣೆ ಲಂಡನ್ನಿಗೆ ಒಪ್ಪುತ್ತದೆ. ಬಾಬಾಬುಡನ್‌ಗಿರಿಯ ಆಚೆ ಮಳೆನೆರಳಿನಲ್ಲಿ ಬಿದ್ದಿರುವ ಬಯಲುಸೀಮೆಗೆ ಒಪ್ಪುವುದಿಲ್ಲ.

ಕೋಲು ಹೇಳುವ ಪಾಠ

ಇದನ್ನು ನಾನು ಹೇಳಿದೆನೆಂದು ನಂಬಬೇಕಾಗಿಲ್ಲ. ಅಂಗಳದಲ್ಲಿ ಬಿಸಿಲು ಬೀಳುವ ಮಟ್ಟಸವಾದ ಜಾಗದಲ್ಲಿ ಒಂದು ಮೀಟರ್ ಉದ್ದದ ನೇರ ಕೋಲನ್ನು ನೆಟ್ಟಗೆ ನಿಲ್ಲಿಸಿ. ಮೇಸ್ತ್ರಿಯ ತೂಗುಗುಂಡು ಹಿಡಿದು ಕೋಲು ವಾಲಿಲ್ಲವೆಂದು ನೋಡಿಕೊಳ್ಳಿ. ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಹತ್ತು ಹತ್ತು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕುತ್ತ ಬನ್ನಿ. ನೆರಳು ಅತಿ ಗಿಡ್ಡವಾದ ಕ್ಷಣವೇ ನಿಜವಾದ ನಡುಹಗಲು. ಗಡಿಯಾರದಲ್ಲಿ ಅದು ಹನ್ನೆರಡಕ್ಕಲ್ಲ, ಋತುವಿಗೆ ತಕ್ಕಂತೆ ಹನ್ನೆರಡೂಕಾಲು ಹನ್ನೆರಡೂವರೆಯ ಆಸುಪಾಸಿಗೆ ಬರುತ್ತದೆ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು, ಕಡೂರು ಅದಕ್ಕಿಂತ ಪಶ್ಚಿಮಕ್ಕಿದೆ, ಅದಕ್ಕೇ ಈ ವ್ಯತ್ಯಾಸ. ಆ ಕ್ಷಣದ ನೆರಳು ಬಿದ್ದ ಗೆರೆಯೇ ನಿಮ್ಮ ಮನೆಯ ಉತ್ತರ-ದಕ್ಷಿಣ. ಸೂರ್ಯಸಿದ್ಧಾಂತದಲ್ಲಿ 12 ಅಂಗುಲದ ಶಂಕುವನ್ನಿಟ್ಟು ಮಾಡುವ ಲೆಕ್ಕವೂ ಇದೇ ಬಗೆಯದು.

ಚೌಳಹಿರಿಯೂರಿನ ಸೀಮೆ ಸುಮಾರು 13.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಒಂದು ಮೀಟರ್ ಕೋಲಿನ ನಡುಹಗಲ ನೆರಳು ಡಿಸೆಂಬರ್ 22ರ ಹೊತ್ತಿಗೆ ಉತ್ತರಕ್ಕೆ ಸುಮಾರು 75 ಸೆಂಟಿಮೀಟರ್. ಮಾರ್ಚ್ 21ಕ್ಕೆ ಅದು 24ಕ್ಕೆ ಇಳಿಯುತ್ತದೆ. ಏಪ್ರಿಲ್ 26ರ ಆಸುಪಾಸು ನೆರಳೇ ಇರುವುದಿಲ್ಲ, ಸೂರ್ಯ ನೆತ್ತಿಯ ಮೇಲೆ. ಜೂನ್ 21ಕ್ಕೆ ನೆರಳು ತಿರುಗಿ ದಕ್ಷಿಣಕ್ಕೆ 17 ಸೆಂಟಿಮೀಟರ್ ಬೀಳುತ್ತದೆ. ಆಗಸ್ಟ್ ನಡುವಿನಲ್ಲಿ ಮತ್ತೊಮ್ಮೆ ನೆರಳು ಮಾಯ.

ಇನ್ನು ಈ ಲೆಕ್ಕವನ್ನು ಗೋಡೆಗೆ ಹಚ್ಚಿ ನೋಡಿ. ದಕ್ಷಿಣದ ಗೋಡೆಗೆ ಎರಡಡಿ ಸೂರು ಚಾಚಿದೆ ಎಂದುಕೊಳ್ಳಿ. ಮಾರ್ಚ್ 21ರ ನಡುಹಗಲಿಗೆ ಆ ಸೂರಿನ ನೆರಳು ಗೋಡೆಯ ಮೇಲೆ ಎಂಟಡಿಯವರೆಗೆ ಇಳಿಯುತ್ತದೆ. ಅಂದರೆ ಪೂರ್ತಿ ನೆರಳು. ಡಿಸೆಂಬರ್‌ನಲ್ಲಿ ಎರಡೂಮುಕ್ಕಾಲು ಅಡಿಯೂ ಇಳಿಯದು. ಅದರ ಕೆಳಗೆಲ್ಲ ಬೆಚ್ಚನೆಯ ಬಿಸಿಲು. ಬೇಕಾದ ಕಾಲಕ್ಕೆ ಬಿಸಿಲು ಬಿಟ್ಟು ಬೇಡದ ಕಾಲಕ್ಕೆ ತಡೆಯುವ ಬಾಗಿಲು ಇದು. ಯಾರೂ ತೆರೆದು ಮುಚ್ಚಬೇಕಾಗಿಲ್ಲ.

ಪಶ್ಚಿಮದ ಗೋಡೆಯ ಕಥೆಯೇ ಬೇರೆ. ಏಪ್ರಿಲ್ ತಿಂಗಳ ಸಂಜೆ ನಾಲ್ಕರ ಹೊತ್ತಿಗೆ ಸೂರ್ಯ ಸುಮಾರು 35 ಡಿಗ್ರಿ ಎತ್ತರದಲ್ಲಿ ನಿಂತು ಗೋಡೆಯನ್ನು ನೇರವಾಗಿ ದಿಟ್ಟಿಸುತ್ತಾನೆ. ಎರಡಡಿ ಸೂರು ಆಗ ಒಂದೂವರೆ ಅಡಿಗೂ ನೆರಳು ಕೊಡದು. ಅಲ್ಲಿ ಎಂಟಡಿ ಅಗಲ, ಆರಡಿ ಎತ್ತರದ ಗಾಜು ಹಾಕಿದರೆ ಒಳಗೆ ನುಗ್ಗುವ ಶಾಖ ಸುಮಾರು ಎರಡು ಸಾವಿರ ವ್ಯಾಟ್. ಎರಡು ಇಸ್ತ್ರಿಪೆಟ್ಟಿಗೆಗಳನ್ನು ಬಿಸಿಗಿಟ್ಟು ನಡುವೆ ಕೂತು ಓದಿದಂತೆ. ಮೇಲೂ ಗಾಜು ಹಾಕಿದರೆ ಹೇಳುವುದೇ ಬೇಡ. ಪರೀಕ್ಷೆಯ ತಿಂಗಳು ಮಾರ್ಚ್ ಎಂಬುದನ್ನೂ ನೆನಪಿಡಿ. ಗಾಜಿನ ಮಾಡಿಗೆ ಕೋತಿಗಳ ಕಾಟ, ತೆಂಗಿನ ಮರದಿಂದ ಬೀಳುವ ಕಾಯಿ ಇವೆಲ್ಲ ಬೇರೆ.

ಅಜ್ಜಿಯ ವಿಟಮಿನ್ ಡಿ ವಿಚಾರ. ನಮ್ಮ ಚರ್ಮದಲ್ಲಿ ಈ ವಿಟಮಿನ್ ತಯಾರಾಗಲು ಬೇಕಾದ ನೇರಳಾತೀತ ಕಿರಣಗಳನ್ನು ಸಾಮಾನ್ಯ ಕಿಟಕಿ ಗಾಜು ಬಹುಮಟ್ಟಿಗೆ ತಡೆದುಬಿಡುತ್ತದೆ. ಗಾಜಿನ ಹಿಂದೆ ಕೂತವರಿಗೆ ಬಿಸಿ ತಾಗುತ್ತದೆ, ವಿಟಮಿನ್ ಸಿಗುವುದಿಲ್ಲ. ಅದಕ್ಕೆ ತೆರೆದ ಜಗಲಿಯೇ ಸರಿ.

ಓದಲು ಎಷ್ಟು ಬೆಳಕು ಬೇಕು?

ನಾವು ಬಿಸಿಲನ್ನೂ ಬೆಳಕನ್ನೂ ಒಂದೇ ಎಂದುಕೊಳ್ಳುತ್ತೇವೆ. ತಪ್ಪುವುದೇ ಇಲ್ಲಿ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಪುಸ್ತಕ ಓದಲು 300ರಿಂದ 500 ಲಕ್ಸ್ ಧಾರಾಳವಾಯಿತು. ನಡುಹಗಲಿನ ನೇರ ಬಿಸಿಲಿನಲ್ಲಿರುವುದು ಸುಮಾರು ಒಂದು ಲಕ್ಷ ಲಕ್ಸ್. ಅಂದರೆ ಬೇಕಾದದ್ದಕ್ಕಿಂತ 200 ಪಟ್ಟು ಹೆಚ್ಚು. ಕೊಡ ತುಂಬಿಸಲು ಕೆರೆಯ ತೂಬನ್ನು ಕೀಳುವವರುಂಟೆ?

ಹಳೆಯ ಮನೆಗೆ ಸುಲಭವಾದ ಉಪಾಯ ಗಾಜಿನ ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ನಾಡಿನ ಮೂಲೆಮೂಲೆಗೆ ಹೋಯಿತು. ಅದೇ ಆಕಾರದ ಗಾಜಿನ ಹೆಂಚೂ ಸಿಗುತ್ತದೆ. ಮಾಡಿನ ಮೇಲೆ ಒಂದು ಹೆಂಚು ಮುಚ್ಚುವ ಜಾಗ ಸುಮಾರು ಒಂದು ಚದರ ಮೀಟರಿನ ಹದಿನೈದನೆಯ ಒಂದು ಪಾಲು. ಒಳ್ಳೆಯ ಬಿಸಿಲಿದ್ದಾಗ ಅಷ್ಟರಿಂದಲೇ ಸುಮಾರು ಐದಾರು ಸಾವಿರ ಲ್ಯೂಮೆನ್ ಬೆಳಕು ಒಳಬರುತ್ತದೆ. ಈಗ ಮನೆಮನೆಯಲ್ಲಿರುವ 9 ವ್ಯಾಟ್ ಎಲ್‌ಇಡಿ ಬಲ್ಬು ಕೊಡುವುದು ಸುಮಾರು 900 ಲ್ಯೂಮೆನ್. ಆರು ಬಲ್ಬುಗಳ ಬೆಳಕು ಒಂದು ಹೆಂಚಿನಲ್ಲಿ! ಜೊತೆಗೆ ಬರುವ ಶಾಖ 50-60 ವ್ಯಾಟ್, ಒಂದು ಹಳೆಯ ಬುರುಡೆ ಬಲ್ಬಿನಷ್ಟು. ಹೆಂಚಿನ ಬೆಲೆ ಕೆಲವು ನೂರು ರೂಪಾಯಿ.

ಹೆಂಚನ್ನು ಎಲ್ಲಿ ಹಾಕಬೇಕೆಂಬುದಕ್ಕೂ ಕ್ರಮ ಉಂಟು. ಪತ್ರದ ನಕ್ಷೆಯ ಪ್ರಕಾರ ಮಾಡು ಪೂರ್ವಕ್ಕೂ ಪಶ್ಚಿಮಕ್ಕೂ ಇಳಿದಿದೆ. ಹೆಂಚು ಪೂರ್ವದ ಇಳಿಜಾರಿನಲ್ಲಿರಲಿ. ಬಿಸಿಲಿನ ಕೋಲು ನೆಲದ ಮೇಲೆ ಬೀಳುವ ಜಾಗದಲ್ಲಿ ಓದುವ ಮೇಜನ್ನು ಇಡಬೇಡಿ, ಬಿಳಿಯ ಹಾಳೆಯ ಮೇಲೆ ನೇರ ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ. ಮೇಜು ಪಕ್ಕದಲ್ಲಿರಲಿ. ಗೋಡೆಗೆ ಸುಣ್ಣ ಬಳಿಯಿರಿ. ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನಾದರೂ ಕೋಣೆಗೆ ಹಿಂದಿರುಗಿಸುತ್ತದೆ, ಹೊಗೆ ಹಿಡಿದ ಗೋಡೆ ನುಂಗಿಬಿಡುತ್ತದೆ. ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುತ್ತಿದ್ದ ಹಿರಿಯರಿಗೆ ಈ ಲೆಕ್ಕ ಬಾರದಿರಬಹುದು, ಅದರ ಫಲ ಗೊತ್ತಿತ್ತು.

ಅಮೃತಾಪುರದ ಮಂಟಪ

ಬೆಳಕನ್ನು ಕರೆದು ಬಿಸಿಲನ್ನು ಹೊರಗೆ ನಿಲ್ಲಿಸುವ ಕೋಣೆ ಹೇಗಿರುತ್ತದೆಂದು ನೋಡಬೇಕೆ? ದೂರ ಹೋಗಬೇಕಾಗಿಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಒಳಗಿನ ಗರ್ಭಗುಡಿ ಕತ್ತಲು. ಅದರ ಮುಂದೆ ಮುಚ್ಚಿದ ಮಂಟಪ. ಅದಕ್ಕೂ ಮುಂದೆ ಸಾಲುಕಂಬಗಳ ವಿಶಾಲವಾದ ತೆರೆದ ಮಂಟಪ. ಸುತ್ತಲೂ ಗಿಡ್ಡ ಗೋಡೆ, ಅದಕ್ಕೆ ಅಂಟಿದಂತೆ ಒರಗಿ ಕೂರುವ ಕಕ್ಷಾಸನ, ಮೇಲೆ ಮುಂಚಾಚಿದ ಕಲ್ಲಿನ ಸೂರು. ಬೆಳಕು ಗಿಡ್ಡಗೋಡೆಗೂ ಸೂರಿಗೂ ನಡುವಿನಿಂದ ಮಗ್ಗುಲಾಗಿ ಒಳಗೆ ಬರುತ್ತದೆ. ನೆತ್ತಿಯ ಬಿಸಿಲು ಸೂರಿನಲ್ಲೇ ನಿಲ್ಲುತ್ತದೆ. ಗಾಳಿಗೆ ತಡೆಯಿಲ್ಲ. ಹುಡುಗರನ್ನು ಕರೆದುಕೊಂಡು ಹೋದಾಗ ಒಂದು ಪುಸ್ತಕವನ್ನೂ ಒಯ್ದು, ಕಕ್ಷಾಸನದಲ್ಲಿ ಕೂರಿಸಿ ಒಂದು ಪುಟ ಓದಿಸಿ.

ಕಟ್ಟಡಕ್ಕೆ ಆಮೇಲೆ ಸೇರಿಸುವ ಕೆಲಸಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅದರ ಮಂಟಪ ಮೊದಲು ತೆರೆದಿತ್ತು. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳನ್ನು ಕೂರಿಸಿದರು. ಒಳಗೆ ಭದ್ರತೆ ಬಂತು, ಬೆಳಕು ತಗ್ಗಿತು. ಹಳೆಯದಕ್ಕೆ ಹೊಸದನ್ನು ಸೇರಿಸುವಾಗ ಒಂದನ್ನು ಪಡೆದರೆ ಇನ್ನೊಂದನ್ನು ಬಿಡಬೇಕಾಗುತ್ತದೆ. ಏನನ್ನು ಬಿಡುತ್ತಿದ್ದೇವೆ ಎಂಬುದು ಕಟ್ಟುವ ಮೊದಲೇ ಗೊತ್ತಿರಬೇಕು, ಅಷ್ಟೆ.

ಅಜ್ಜನ ಗೋಡೆ

ಇನ್ನು ಅಜ್ಜನ ಮಾತಿಗೆ ಬರೋಣ. ‘ಹಿಂದಿನ ಗೋಡೆ ಮುಟ್ಟಬೇಡಿ’ ಎಂಬುದು ಹಳಬರ ಹಟ ಎಂದು ತಳ್ಳಿಹಾಕುವ ಮುನ್ನ ಇಳಿಜಾರಿನ ಮನೆ ಹೇಗೆ ನಿಂತಿದೆ ಎಂದು ನೋಡಿ. ಓರೆಯಾದ ನೆಲದಲ್ಲಿ ಮನೆ ಕಟ್ಟುವವರು ಮೇಲಿನ ಮಗ್ಗುಲ ಮಣ್ಣನ್ನು ಕಡಿದು ಕೆಳಮಗ್ಗುಲಿಗೆ ತುಂಬಿ ಮಟ್ಟ ಮಾಡುತ್ತಾರೆ. ಹಾಗೆ ತುಂಬಿದ ಮಣ್ಣು ಜಾರದಂತೆ ಹಿಡಿದಿರುವುದು ಕೆಳಮಗ್ಗುಲ ಗೋಡೆಯ ಪಾಯ. ಅಂಥ ಕಡೆ ಹಿಂದಿನ ಗೋಡೆ ಬರಿಯ ಗೋಡೆಯಲ್ಲ, ಕೆರೆಗೆ ಏರಿ ಇದ್ದಂತೆ. ಜೊತೆಗೆ ಮಾಡಿನ ಭಾರವನ್ನು ಹೊತ್ತಿರುವುದೂ ಅದೇ. ಅದರ ಬುಡದಲ್ಲಿ ಹೊಸ ಪಾಯ ತೋಡುವುದಾಗಲಿ, ಅದನ್ನು ಅಗಲವಾಗಿ ಒಡೆಯುವುದಾಗಲಿ ಆಟದ ಮಾತಲ್ಲ.

ಹಿತ್ತಲಿಗೆ ಹೊಸದಾಗಿ ತುಂಬಿಸುವ ಮಣ್ಣಿನ ವಿಚಾರವೂ ಇದೆ. ತುಂಬಿದ ಮಣ್ಣು ಒಂದೆರಡು ಮಳೆಗಾಲ ಕಳೆದರೂ ಕುಸಿಯುತ್ತಲೇ ಇರುತ್ತದೆ. ಅದರ ಮೇಲೆ ಕೋಣೆ ಕಟ್ಟಿದರೆ ಹಳೆಯ ಮನೆ ನಿಂತಲ್ಲೇ ನಿಂತು ಹೊಸ ಕೋಣೆ ಮಾತ್ರ ಇಳಿಯುತ್ತದೆ. ಎರಡೂ ಸೇರುವ ಕಡೆ ಬಿರುಕು, ಬಿರುಕಿಗೆ ನೀರು. ಗಾಜಂತೂ ಅಷ್ಟು ಅಲುಗಾಟವನ್ನೂ ತಾಳದು. ಮಣ್ಣನ್ನು ತಡೆಯಲು ಆರಡಿ ತಡೆಗೋಡೆ ಕಟ್ಟಿ ಅದರ ಹಿಂದೆ ಮಳೆನೀರು ನಿಂತಿತೆನ್ನಿ. ನೀರೊಂದೇ ಗೋಡೆಯ ಪ್ರತಿ ಮೀಟರ್ ಉದ್ದವನ್ನು ಒಂದೂವರೆ ಟನ್ನಿಗೂ ಹೆಚ್ಚು ಬಲದಿಂದ ನೂಕುತ್ತದೆ. ಅದಕ್ಕೇ ತಡೆಗೋಡೆಗಳಲ್ಲಿ ಸಾಲಾಗಿ ತೂತು ಬಿಡುತ್ತಾರೆ, ಹಿಂದೆ ಜಲ್ಲಿ ತುಂಬುತ್ತಾರೆ. ತೂತಿಲ್ಲದ ತಡೆಗೋಡೆ ಎಷ್ಟು ದಪ್ಪವಿದ್ದರೂ ನೆಚ್ಚುವಂತಿಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದು ಮನೆಗಳು ಮಣ್ಣುಪಾಲಾದವು. ಮರುವರ್ಷದ ಆಗಸ್ಟ್‌ನಲ್ಲಿ ನಮ್ಮದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಅದೇ ಗತಿಯಾಯಿತು. ವಿಪರೀತ ಮಳೆ ದೊಡ್ಡ ಕಾರಣ, ನಿಜ. ಮನೆಗೆ, ರಸ್ತೆಗೆ ಎಂದು ಇಳಿಜಾರನ್ನು ನೆಟ್ಟಗೆ ಕಡಿದು ನೀರಿಗೆ ದಾರಿ ಬಿಡದಿದ್ದದ್ದೂ ಕೊಡಗಿನಲ್ಲಿ ಕಾರಣವಾಯಿತೆಂದು ಭೂವಿಜ್ಞಾನಿಗಳು ಹೇಳಿದರು. ಚೌಳಹಿರಿಯೂರಿಗೆ ಅಂಥ ಮಳೆಯಿಲ್ಲ. ಆದರೆ ಹಿಂಗಾರಿನ ಒಂದು ರಾತ್ರಿಯ ಜಡಿಮಳೆ ಸಾಕು, ಇಳಿಜಾರಿನ ನಿಯಮ ಅಲ್ಲಿಗೂ ಇಲ್ಲಿಗೂ ಒಂದೇ.

ಸೌದೆ ಒಟ್ಟಿರುವ ಜಾಗ

ಹಾಗಾದರೆ ಕೋಣೆಯೇ ಬೇಡವೆ? ಹಾಗೇನಿಲ್ಲ. ಹುಡುಗಿ ಕಳಿಸಿರುವ ನಕ್ಷೆಯಲ್ಲಿ ಮನೆಯ ದಕ್ಷಿಣದ ಮಗ್ಗುಲಿಗೆ ಹತ್ತಡಿ ಅಗಲದ ಜಾಗವಿದೆ. ‘ಇಲ್ಲಿ ಸೌದೆ ಒಟ್ಟಿದ್ದೇವೆ’ ಎಂದು ಬರೆದಿದ್ದಾಳೆ. ನನ್ನ ಕಣ್ಣು ನಿಂತದ್ದು ಅಲ್ಲಿ.

ನೆಲ ಇಳಿಯುತ್ತಿರುವುದು ಪೂರ್ವದಿಂದ ಪಶ್ಚಿಮಕ್ಕೆ. ದಕ್ಷಿಣದ ಮಗ್ಗುಲಿನ ಮುಂಭಾಗ ಮನೆಯ ಮಟ್ಟಕ್ಕೇ ಇರುವುದರಿಂದ ಮಣ್ಣು ತುಂಬಿಸುವ ಕೆಲಸ ಹೆಚ್ಚಿಲ್ಲ. ಮಾಡಿನ ನೀರು ಹಿಂದಕ್ಕೂ ಮುಂದಕ್ಕೂ ಬೀಳುತ್ತದೆಯೇ ಹೊರತು ಈ ಮಗ್ಗುಲಿಗೆ ಬೀಳುವುದಿಲ್ಲ. ಆದ್ದರಿಂದ ಹಳೆಯ ಮಾಡಿಗೂ ಹೊಸ ಮಾಡಿಗೂ ನಡುವೆ ಸೋರುವ ದೋಣಿ ಬೇಡ. ಮಾಡಿನ ಹೆಚ್ಚಿನ ಭಾರ ಈ ಗೋಡೆಯ ಮೇಲಿಲ್ಲವೆಂದು ಮೇಸ್ತ್ರಿ ನೋಡಿ ಒಪ್ಪಿದರೆ, ಸರಿಯಾದ ಲಿಂಟಲ್ ಕೂರಿಸಿ ಒಂದು ಬಾಗಿಲು ತೆಗೆಯಬಹುದು. ಸೂರ್ಯನ ಲೆಕ್ಕವನ್ನಂತೂ ಆಗಲೇ ನೋಡಿದೆವು. ಚಳಿಗಾಲದಲ್ಲಿ ಬಿಸಿಲು, ಬೇಸಿಗೆಯಲ್ಲಿ ನೆರಳು. ಆಕಾಶದ ಲೆಕ್ಕ, ನೆಲದ ಲೆಕ್ಕ ಎರಡೂ ಸೌದೆಯ ರಾಶಿಯ ಕಡೆಗೇ ಬೆರಳು ತೋರುತ್ತಿವೆ.

ಅಲ್ಲಿ ಅಮೃತಾಪುರದ ಮಂಟಪದ ಮಾದರಿಯಲ್ಲಿ ಒಂದು ಸಣ್ಣ ಪಡಸಾಲೆ ಆಗಬಹುದು. ಕೂರುವಷ್ಟು ಎತ್ತರದ ಗಿಡ್ಡಗೋಡೆ, ಅದರ ಮೇಲೆ ಕಂಬ, ದಕ್ಷಿಣಕ್ಕೆ ಎರಡೂವರೆ ಅಡಿ ಸೂರು, ಹೆಂಚಿನ ಮಾಡು, ನಡುವೆ ಒಂದೆರಡು ಗಾಜಿನ ಹೆಂಚು. ಪಶ್ಚಿಮದ ತುದಿಗೆ ಪೂರ್ತಿ ಗೋಡೆ ಇರಲಿ, ಬೇಕಾದರೆ ಇಟ್ಟಿಗೆಯ ಜಾಲಿ. ಪೂರ್ವಕ್ಕೆ ಬಾಗಿಲ ಕಿಟಕಿ, ಎಳೆಬಿಸಿಲು ಬರಲಿ. ಪಾಯ ಗಟ್ಟಿ ನೆಲ ಸಿಗುವವರೆಗೆ ಇಳಿಯಲಿ, ಇಳಿಜಾರಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿರಲಿ. ಹೊಸ ಗೋಡೆಯನ್ನು ಹಳೆಯದಕ್ಕೆ ಕಚ್ಚಿಸಬೇಡಿ. ಅರ್ಧ ಅಂಗುಲ ಸಂದು ಬಿಟ್ಟು, ಅಲುಗಾಡಿದರೂ ಒಡೆಯದ ವಸ್ತುವಿನಿಂದ ಮುಚ್ಚಿಸಿ. ಎರಡೂ ತಮ್ಮ ತಮ್ಮ ಪಾಡಿಗೆ ಉಸಿರಾಡಲಿ. ಊರಿನ ಹೆಸರಿನಲ್ಲಿ ಚೌಳು ಇದ್ದಮಾತ್ರಕ್ಕೆ ಹಿತ್ತಲ ಮಣ್ಣೂ ಚೌಳೆಂದಲ್ಲ. ಆದರೆ ಹಳೆಯ ಗೋಡೆಗಳ ಬುಡದಲ್ಲಿ ಬೇಸಿಗೆಗೆ ಬಿಳಿಯ ಪುಡಿ ಹೂತರೆ ನೆಲದಿಂದ ಉಪ್ಪು ಏರುತ್ತಿದೆ ಎಂದೇ ಅರ್ಥ. ಮೇಸ್ತ್ರಿಗೆ ಅದನ್ನು ಮೊದಲೇ ತೋರಿಸಿ.

ಯಾವುದು ಮೊದಲು?

ಕೊನೆಗೆ ದುಡ್ಡಿನ ಮಾತು. ಪತ್ರದಲ್ಲಿ ನನ್ನನ್ನು ತಟ್ಟಿದ್ದು ಕತ್ತಲೆಯ ಸಂಗತಿಯಲ್ಲ, ‘ಅಪ್ಪ ಏನೂ ಹೇಳುವುದಿಲ್ಲ’ ಎಂಬ ಸಾಲು. ತಾಯಿತಂದೆಯರು ಮಾತಾಡದೆ ಇದ್ದಾಗ ಮಕ್ಕಳು ಅವರ ಮೌನದಲ್ಲೇ ಲೆಕ್ಕ ಹಾಕಿಕೊಳ್ಳುತ್ತಾರೆ. ಆ ಲೆಕ್ಕವನ್ನು ಅವರೆದುರೇ ಹಾಕಿದರೆ ಒಳ್ಳೆಯದು. ಕೋಣೆಗೆ ಎಷ್ಟು, ಕಾಲೇಜಿಗೆ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಮನೆಮಂದಿಯೆಲ್ಲ ನೋಡಲಿ.

ಹುಡುಗಿಗೆ ನನ್ನ ಸಲಹೆ ಇಷ್ಟು. ಮಗು, ಈ ವಾರವೇ ಮೂರು ಗಾಜಿನ ಹೆಂಚು ಹಾಕಿಸಿಕೊ, ಗೋಡೆಗೆ ಸುಣ್ಣ ಬಳಿಸು. ಸಾವಿರದ ಆಸುಪಾಸಿನಲ್ಲಿ ನಿನ್ನ ಓದಿನ ಕತ್ತಲೆ ಬಹುಮಟ್ಟಿಗೆ ಕಳೆಯುತ್ತದೆ. ಸಂಜೆಗೆ, ಮೋಡಕ್ಕೆ ದೀಪ ಇದ್ದೇ ಇದೆ. ಅಂಗಳದಲ್ಲಿ ಕೋಲು ನೆಟ್ಟು ಒಂದು ವರ್ಷ ನೆರಳು ಅಳೆದಿಡು. ನೀನು ಹಾಸ್ಟೆಲ್ಲಿಗೆ ಹೋದ ಮೇಲೆ ಆ ಕೆಲಸವನ್ನು ಅಜ್ಜನಿಗೆ ವಹಿಸು, ಅವರು ನಿನಗಿಂತ ಚೆನ್ನಾಗಿ ಮಾಡಿಯಾರು. ಕಾಲೇಜಿನ ದುಡ್ಡು ಕಾಲೇಜಿಗೇ ಹೋಗಲಿ. ಪಡಸಾಲೆಗೆ ಅವಸರವಿಲ್ಲ. ಅಣ್ಣನ ಆಸೆ ಒಳ್ಳೆಯದೇ, ತಂಗಿ ಬೆಳಕಿನಲ್ಲಿ ಓದಲಿ ಎಂದಲ್ಲವೆ ಅವನು ಬಯಸಿದ್ದು? ಅಳತೆ ಬರೆದ ಹಾಳೆಯನ್ನು ಅವನಿಗೆ ಕಳಿಸು. ಮುಂದೆ ಕೈಯಲ್ಲಿ ದುಡ್ಡು ಕೂಡಿದಾಗ ಸೌದೆಯ ಜಾಗದಲ್ಲಿ ಅವನೇ ಕಟ್ಟಿಸಲಿ.

ಕಟ್ಟಿದ ಮೇಲೆ ಒಂದು ಡಿಸೆಂಬರ್ ಬೆಳಗ್ಗೆ ಅಜ್ಜಿಯನ್ನು ಆ ಗಿಡ್ಡಗೋಡೆಯ ಮೇಲೆ ಕೂರಿಸಿ ನನಗೊಂದು ಕಾಗದ ಬರೆ. ನಡುವೆ ಗಾಜಿಲ್ಲವಲ್ಲ, ವಿಟಮಿನ್ ಡಿ ಕೂಡ ಸಿಕ್ಕೀತು.